ಚಿಪ್ಪರ್ ಮೆಷಿನ್ ಇನ್ನು ನಮ್ಮ ಆಪರೇಟರ್ ಜೊತೆಗೇ ಬರುತ್ತದೆ

ಸಂಘದ ಎಲ್ಲ ಸದಸ್ಯರಿಗೆ, ಗ್ರಾಹಕರಿಗೆ ನಮಸ್ಕಾರ.

ಮಳೆ ಕಡಿಮೆಯಾಗುತ್ತಿದೆ. ಇನ್ನು ಹದಿನೈದು ದಿನದಲ್ಲಿ ತೋಟದ ಸೋಗೆ, ಗೆಲ್ಲು ಚೂರು ಮಾಡುವ ಚಿಪ್ಪರ್ ಮೆಷಿನ್ ಬೇಕು ಅಂತ ನಿಮ್ಮ ಫೋನ್ ಬರಲು ಶುರುವಾಗುತ್ತದೆ. ಅದಕ್ಕೆ ಮೊದಲೇ ಈ ವಿಷಯ ತಿಳಿಸಬೇಕು. ನವೆಂಬರ್ 1ರಿಂದ ಮೆಷಿನ್ ಒಂದನ್ನೇ ನಾವು ಬಾಡಿಗೆಗೆ ಕೊಡುವುದಿಲ್ಲ. ಜೊತೆಗೆ ನಮ್ಮ ಆಪರೇಟರ್ ಬರುತ್ತಾರೆ. ಮೆಷಿನ್ನಿನ ಬಾಯಿಗೆ ಅಡಿಕೆ ಸೋಗೆ, ತೆಂಗಿನ ಮಡಲು, ಮರದ ಗೆಲ್ಲು ಕೊಡುವ ಕೆಲಸ ಅವರದ್ದೇ. ಬಾಡಿಗೆಯೂ ದಿನದ ಲೆಕ್ಕದಿಂದ ಗಂಟೆ ಲೆಕ್ಕಕ್ಕೆ ಬದಲಾಗುತ್ತದೆ.

ಇದಕ್ಕೆ ಕಾರಣ ಏನು ಅಂತ ಮುಚ್ಚಿಡುವುದು ಸರಿಯಲ್ಲ. ಕಳೆದ ಮಾರ್ಚ್‌ನಲ್ಲಿ ಪೆರ್ಡೂರು ಕಡೆಯ ಒಂದು ತೋಟಕ್ಕೆ ಮೆಷಿನ್ ಕೊಟ್ಟಿದ್ದೆವು. ಮನೆಯ ಹುಡುಗನೇ ನಡೆಸುತ್ತಿದ್ದ. ಹಸಿ ಮಡಲಿನ ನಾರು ಚೂರು ಹೊರಗೆ ಬರುವ ಕೊಳವೆಯಲ್ಲಿ ಕಟ್ಟಿಕೊಂಡಿತು. ಅವನು ಎಂಜಿನ್ ಆಫ್ ಮಾಡಿದ. ಶಬ್ದ ನಿಂತಿತು. ಕೊಳವೆಗೆ ಕೈ ಹಾಕಿ ನಾರು ಎಳೆದ. ಒಳಗೆ ಬ್ಲೇಡಿನ ಚಕ್ರ ಇನ್ನೂ ತಿರುಗುತ್ತಿತ್ತು. ಎರಡು ಬೆರಳಿನ ತುದಿ ಹೋಯಿತು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಮನೆಗೆ ಹೋಗಿ ನೋಡಿದೆವು. ಅವನ ಅಮ್ಮ ಬೈಯಲಿಲ್ಲ. "ಆಫ್ ಮಾಡಿದ ಮೇಲೂ ತಿರುಗ್ತದೆ ಅಂತ ನೀವು ಅವನಿಗೆ ಹೇಳಿದ್ರಾ?" ಅಂತ ಮಾತ್ರ ಕೇಳಿದರು. ನಾವು ಹೇಳಿರಲಿಲ್ಲ. ಪಿಕಪ್‌ನಿಂದ ಮೆಷಿನ್ ಇಳಿಸಿ, ಸ್ಟಾರ್ಟ್ ಮಾಡಿ ತೋರಿಸಿ, ಪೆಟ್ರೋಲ್ ಎಷ್ಟು ಹಾಕಬೇಕು ಅಂತ ಹೇಳಿ ಐದೇ ನಿಮಿಷದಲ್ಲಿ ವಾಪಸ್ ಬಂದಿದ್ದೆವು. ತಪ್ಪು ನಮ್ಮದು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಬದಲಾವಣೆ.

ಮೆಷಿನ್ನಿನ ಒಳಗೆ ಏನಿದೆ ಅಂತ ಸ್ವಲ್ಪ ಹೇಳುತ್ತೇವೆ. ದಪ್ಪ ಕಬ್ಬಿಣದ ಭಾರದ ಚಕ್ರ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬ್ಲೇಡ್‌ಗಳು, ಎದುರಿಗೆ ಅಲುಗಾಡದ ಒಂದು ಉಕ್ಕಿನ ಪಟ್ಟಿ. ಗೆಲ್ಲು ಬ್ಲೇಡ್ ಮತ್ತು ಪಟ್ಟಿಯ ನಡುವೆ ಸಿಕ್ಕಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚೂರಾಗುತ್ತದೆ. ಚಕ್ರ ಭಾರ ಇರುವುದಕ್ಕೇ ದಪ್ಪ ಗೆಲ್ಲು ಬಂದರೂ ವೇಗ ಅಷ್ಟಾಗಿ ಇಳಿಯುವುದಿಲ್ಲ. ಅದೇ ಭಾರದಿಂದಾಗಿ ಎಂಜಿನ್ ನಿಂತರೂ ಚಕ್ರ ನಿಲ್ಲುವುದಿಲ್ಲ, ತುಂಬ ಹೊತ್ತು ತಿರುಗುತ್ತದೆ. ಕಿವಿಗೆ ಶಬ್ದ ಇಲ್ಲ, ಕಣ್ಣಿಗೆ ಚಕ್ರ ಕಾಣುವುದಿಲ್ಲ. ಹಾಗಾಗಿ ನಿಂತಿದೆ ಅಂತಲೇ ಮನಸ್ಸು ನಂಬುತ್ತದೆ.

ಪೂರ್ತಿ ನಿಂತ ಮೇಲೂ ಇನ್ನೊಂದು ಅಪಾಯ ಉಂಟು. ಸಿಕ್ಕಿಕೊಂಡದ್ದನ್ನು ಬಿಡಿಸಲು ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಬೆಲ್ಟ್ ಮೂಲಕ ಎಂಜಿನ್ನೂ ತಿರುಗಬಹುದು. ಬಿಸಿ ಎಂಜಿನ್ ಹಾಗೆಯೇ ಸ್ಟಾರ್ಟ್ ಆಗುವುದೂ ಉಂಟು. ಅದಕ್ಕೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ತೆಗೆದು ದೂರ ಇಟ್ಟ ಮೇಲೆಯೇ ಮುಚ್ಚಳ ಬಿಚ್ಚಬೇಕು. ಕರೆಂಟಿನ ಮೆಷಿನ್ ಆದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಯಾರೋ ಗೊತ್ತಿಲ್ಲದೆ ಸ್ವಿಚ್ ಹಾಕಿಬಿಡಬಹುದು, ಅಲ್ವಾ? ಆಮೇಲೂ ಕೈ ಬೇಡ, ಕೋಲು ಬಳಸಿ. ನಿಂತ ಬ್ಲೇಡೂ ಕತ್ತಿಯೇ.

ನಮ್ಮ ಊರಿನ ತೋಟಗಳಲ್ಲಿ ಈ ತೊಂದರೆ ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಅಡಿಕೆ ಸೋಗೆಯಲ್ಲೂ ತೆಂಗಿನ ಮಡಲಿನಲ್ಲೂ ಉದ್ದ ನಾರು. ಮಳೆಗೆ ನೆನೆದಿದ್ದರೆ ಅದು ತುಂಡಾಗದೆ ಚಕ್ರದ ಅಚ್ಚಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಹಸಿ ಗೆಲ್ಲು, ಮಾವಿನ ಗೆಲ್ಲು ಚೆನ್ನಾಗಿ ಹೋಗುತ್ತವೆ. ಆಪರೇಟರ್ ನಾಲ್ಕು ಸೋಗೆ ಕೊಟ್ಟು ಒಂದು ಗೆಲ್ಲು ಕೊಡುವುದನ್ನು ನೀವು ನೋಡುತ್ತೀರಿ. ಕೊಳವೆಯಲ್ಲಿ ನಿಂತ ನಾರನ್ನು ಆ ಗೆಲ್ಲಿನ ಚೂರುಗಳು ತಳ್ಳಿಕೊಂಡು ಹೋಗಲಿ ಅಂತ. ವರ್ಷಗಟ್ಟಲೆ ಒಣಗಿದ ಗಟ್ಟಿ ಮರವನ್ನು ನಾವು ತೆಗೆದುಕೊಳ್ಳುವುದಿಲ್ಲ. ಅದು ಬ್ಲೇಡಿನ ಹರಿತ ಕೆಡಿಸುತ್ತದೆ, ಒಲೆಗೆ ಇರಲಿ.

ನಿಮ್ಮಿಂದ ಆಗಬೇಕಾದ ಕೆಲಸ ಮೆಷಿನ್ ಬರುವ ಮೊದಲಿನದ್ದು. ಸೋಗೆ, ಗೆಲ್ಲುಗಳನ್ನು ಬುಡ ಒಂದೇ ಕಡೆ ಬರುವ ಹಾಗೆ ರಾಶಿ ಹಾಕಿಡಿ. ಎರಡು ದಿನ ಬಿಸಿಲು ತಾಗಲಿ. ಕಾಳುಮೆಣಸಿನ ಬಳ್ಳಿಗೆ ಕಟ್ಟಿದ ನೈಲಾನ್ ಹಗ್ಗ, ಬೇಲಿಯ ತಂತಿ, ಮೊಳೆ, ಕಲ್ಲು ಏನಿದ್ದರೂ ಹುಡುಕಿ ತೆಗೆಯಿರಿ. ಬ್ಲೇಡಿಗೆ ತಾಗಿದ ಕಲ್ಲು ಚೂರಾಗಿ ಗುಂಡಿನ ಹಾಗೆ ಹಾರುತ್ತದೆ. ರಾಶಿ ಹಳೆಯದಾಗಿದ್ದರೆ ಮೊದಲು ಉದ್ದ ಕೋಲಿನಿಂದ ತಟ್ಟಿ, ಹಾವು ಇರಬಹುದು. ಕೊಳೆರೋಗ ಬಂದ ಅಡಿಕೆ ಗೊನೆ, ಕಾಯಿ ಈ ರಾಶಿಗೆ ಸೇರಿಸಬೇಡಿ. ಪುಡಿ ಮಾಡಿ ಬುಡಕ್ಕೆ ಹಾಕಿದರೆ ರೋಗವನ್ನು ನಾವೇ ತೋಟ ತುಂಬ ಹಂಚಿದ ಹಾಗೆ. ಅವನ್ನು ಬೇರೆ ಮಾಡಿ ಸುಟ್ಟುಬಿಡುವುದು ಒಳ್ಳೆಯದು.

ಮೆಷಿನ್ ಇಡಲು ಸಮತಟ್ಟಾದ, ಜಾರದ ಜಾಗ ಬೇಕು. ನೀರು ಹೋಗುವ ಕಣಿಯ ಅಂಚಿನಲ್ಲಿ, ಪಾಚಿ ಹಿಡಿದ ಅಂಗಳದಲ್ಲಿ ಆಗುವುದಿಲ್ಲ. ಮಳೆ ಬಂತು ಅಂತ ದನದ ಹಟ್ಟಿಯೊಳಗೆ ಇಟ್ಟು ಓಡಿಸುವುದೂ ಬೇಡ, ಎಂಜಿನ್ನಿನ ಹೊಗೆ ವಿಷ. ಓಡುವಾಗ ಮಕ್ಕಳು, ನಾಯಿ, ದನ ಯಾರೂ ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ. ಚೂರು ಹಾರುವ ದಿಕ್ಕಿನಲ್ಲಂತೂ ಯಾರೂ ನಿಲ್ಲಬಾರದು.

ಆಪರೇಟರಿಗೆ ಸೋಗೆ ಎತ್ತಿ ಕೊಡಲು ನಿಮ್ಮ ಕಡೆಯಿಂದ ಒಬ್ಬರು ಬೇಕಾಗುತ್ತದೆ. ಅವರು ಮುಂಡು, ಲುಂಗಿ ಉಟ್ಟು ಬರಬಾರದು. ಹೆಗಲ ಮೇಲಿನ ಬೈರಾಸು (ಟವೆಲ್) ಮನೆಯಲ್ಲೇ ಇರಲಿ. ಹೆಂಗಸರಾದರೆ ಸೆರಗು, ದುಪಟ್ಟಾ ಇಲ್ಲದ ಉಡುಪು, ಕೂದಲು ಕಟ್ಟಿರಬೇಕು. ಕೈಯ ದಾರ, ಬಳೆ, ಉದ್ದ ಸರ ತೆಗೆದಿಡಿ. ಇದನ್ನು ಹೇಳಲು ನಮಗೂ ಸಂಕೋಚ. ನೂಲು ತಾನೇ ಅಂತ ಅನಿಸಬಹುದು. ಆದರೆ ಗೆಲ್ಲಿನ ಒಂದು ಕವಲಿಗೆ ಬೈರಾಸಿನ ತುದಿ ಸಿಕ್ಕಿದರೆ ಮೆಷಿನ್ ಗೆಲ್ಲಿನ ಜೊತೆ ಮನುಷ್ಯನನ್ನೂ ಎಳೆಯುತ್ತದೆ. ಬಿಡಿಸಿಕೊಳ್ಳುವಷ್ಟು ಸಮಯ ಸಿಗುವುದಿಲ್ಲ. ಕನ್ನಡಕ, ಕಿವಿಗೆ ಹಾಕುವ ಮಫ್, ಕೈಗೆ ಬಿಗಿಯಾಗಿ ಕೂರುವ ಗ್ಲೌಸ್ ನಾವೇ ತರುತ್ತೇವೆ. ಮಫ್ ಹಾಕಿದರೆ ಕರೆದದ್ದು ಕೇಳುವುದಿಲ್ಲ. ಆದ್ದರಿಂದ ಆಪರೇಟರ್ ಮೊದಲೇ ಕೈಸನ್ನೆ ಹೇಳಿಕೊಡುತ್ತಾರೆ. ಅವರು ಬಾಯಿಯ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಲ್ಲುತ್ತಾರೆ. ಬುಡ ಮೊದಲು ಕೊಟ್ಟು, ಮೆಷಿನ್ ಹಿಡಿದ ಕೂಡಲೇ ಕೈ ಬಿಡುತ್ತಾರೆ. ಗಿಡ್ಡ ತುಂಡುಗಳನ್ನು ಉದ್ದ ಗೆಲ್ಲಿನಿಂದ ತಳ್ಳುತ್ತಾರೆ. ಬೇಗ ಆಗಲಿ ಅಂತ ದಯವಿಟ್ಟು ಅವರನ್ನು ಒತ್ತಾಯ ಮಾಡಬೇಡಿ. ಕತ್ತಲಾಗುತ್ತಿದ್ದಂತೆ ಕೆಲಸ ನಿಲ್ಲಿಸಲು ನಾವೇ ಹೇಳಿದ್ದೇವೆ. ಉಳಿದದ್ದು ಮರುದಿನ.

ಪ್ರತಿ ಸೋಮವಾರ ಮೆಷಿನ್ ಸಿಗುವುದಿಲ್ಲ. ಅದು ಬ್ಲೇಡ್ ಮತ್ತು ಗ್ರೀಸಿನ ದಿನ. ಬ್ಲೇಡ್ ಮೊಂಡಾದರೆ ಆಪರೇಟರ್ ಬಲವಾಗಿ ತಳ್ಳಬೇಕಾಗುತ್ತದೆ. ತಳ್ಳುವ ಕೈ ಬ್ಲೇಡಿಗೆ ಹತ್ತಿರ ಹೋಗುತ್ತದೆ. ಹಾಗಾಗಿ ಬ್ಲೇಡ್ ಹರಿತ ಇರುವುದೂ ಬೆರಳು ಉಳಿಸುವ ಕೆಲಸವೇ. ನಿಮ್ಮಲ್ಲಿ ಕೆಲವರು ಸ್ವಂತ ಚಿಪ್ಪರ್ ತೆಗೆದುಕೊಂಡಿದ್ದೀರಿ. ನಿಮಗೂ ಈ ಮಾತು. ಚೂರು ಶುಭ್ರವಾಗಿ ಕತ್ತರಿಸಿ ಬರುವ ಬದಲು ಪುಡಿ ಮತ್ತು ನಾರು ಬರಲು ಶುರುವಾದರೆ ಬ್ಲೇಡ್ ಮೊಂಡಾಗಿದೆ ಅಂತ ಅರ್ಥ. ಮಸೆಯುವಾಗ ಎಲ್ಲ ಬ್ಲೇಡ್‌ಗಳನ್ನು ಒಟ್ಟಿಗೇ, ಒಂದೇ ಅಳತೆಗೆ ಮಸೆಯಬೇಕು. ಒಂದು ಹಗುರ, ಒಂದು ಭಾರ ಆದರೆ ಮೆಷಿನ್ ನಡುಗಿ ಬೇರಿಂಗ್ ಹೋಗುತ್ತದೆ. ಗ್ರೈಂಡರಿನಲ್ಲಿ ನೀಲಿ ಬಣ್ಣ ಬರುವಷ್ಟು ಬಿಸಿ ಮಾಡಿದರೆ ಉಕ್ಕಿನ ಹದ ಹೋಯಿತು. ಬಿಚ್ಚಿದ ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಎಳೆ ಸವೆದದ್ದನ್ನು ಮತ್ತೆ ಹಾಕಬೇಡಿ. ಸ್ವಂತ ಮೆಷಿನ್ ಇರುವವರು ಸೋಮವಾರ ಬ್ಲೇಡ್ ತಂದರೆ ನಮ್ಮದರ ಜೊತೆಗೇ ಮಸೆದು ಕೊಡುತ್ತೇವೆ. ಸದಸ್ಯರಿಗೆ ಇದಕ್ಕೆ ದುಡ್ಡಿಲ್ಲ.

ದುಡ್ಡಿನ ವಿಷಯ. ಆಪರೇಟರ್ ಕೂಲಿ ಸೇರುವುದರಿಂದ ಪೂರ್ತಿ ದಿನ ಓಡಿಸುವವರಿಗೆ ಖರ್ಚು ಹಿಂದಿಗಿಂತ ಜಾಸ್ತಿ ಆಗುತ್ತದೆ. ಅರ್ಧ ದಿನದ ಕೆಲಸ ಇರುವವರಿಗೆ ಹೆಚ್ಚು ವ್ಯತ್ಯಾಸ ಆಗಲಿಕ್ಕಿಲ್ಲ. ರಾಶಿ ಸಿದ್ಧ ಇದ್ದರೆ ಗಂಟೆ ಉಳಿಯುತ್ತದೆ. ಪಕ್ಕದ ಮನೆಯವರು ಸೇರಿ ಒಂದೇ ದಿನ ಬುಕ್ ಮಾಡಿದರೆ ಸಾಗಾಟದ ಖರ್ಚು ಹಂಚಿಕೊಳ್ಳಬಹುದು. "ಹತ್ತು ವರ್ಷದಿಂದ ಮೆಷಿನ್ ನಡೆಸುತ್ತಿದ್ದೇವೆ, ನಮಗೂ ಆಪರೇಟರ್ ಬೇಕಾ?" ಅಂತ ಕೆಲವರು ಆಗಲೇ ಕೇಳಿದ್ದೀರಿ. ನಿಮ್ಮ ಅನುಭವದ ಬಗ್ಗೆ ನಮಗೆ ಗೌರವ ಇದೆ. ಆದರೂ ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನಲು ಆಗುವುದಿಲ್ಲ. ನಿಯಮ ಎಲ್ಲರಿಗೂ ಒಂದೇ.

ದರ ಏರಿತು ಅಂತ ಸೋಗೆಗೆ ಬೆಂಕಿ ಹಾಕಬೇಡಿ ಅನ್ನುವುದು ನಮ್ಮ ವಿನಂತಿ. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಮರ. ಮರಕ್ಕೆ ವರ್ಷಕ್ಕೆ ಐದಾರು ಸೋಗೆ ಬಿದ್ದರೂ 3,000 ಆಯಿತು. ಅಷ್ಟನ್ನೂ ಚೂರು ಮಾಡಿ ಬುಡಕ್ಕೆ ಹರಡಿದರೆ ಏಪ್ರಿಲ್, ಮೇ ಬಿಸಿಲಿಗೆ ಮಣ್ಣಿನ ತೇವ ಬೇಗ ಆರುವುದಿಲ್ಲ. ಸಗಣಿ ನೀರು ಚಿಮುಕಿಸಿದರೆ ಬೇಗ ಗೊಬ್ಬರವೂ ಆಗುತ್ತದೆ.

ಅಕ್ಟೋಬರಿನಲ್ಲೇ ಬುಕ್ ಮಾಡಿ ಮುಂಗಡ ಕೊಟ್ಟವರಿಗೆ ಈ ಸಲ ಹಳೆಯ ದರವೇ, ಆದರೆ ಆಪರೇಟರ್ ಬರುತ್ತಾರೆ. ಬೇಡ ಅನಿಸಿದರೆ ಮುಂಗಡ ಪೂರ್ತಿ ವಾಪಸ್. ಬುಕ್ ಮಾಡುವಾಗ ರಾಶಿ ಎಷ್ಟು, ಸೋಗೆಯಾ ಮಡಲಾ ಗೆಲ್ಲಾ, ಪಿಕಪ್ ತೋಟದ ತನಕ ಬರುತ್ತದಾ ಇಷ್ಟು ಹೇಳಿ. ಪೆರ್ಡೂರಿನ ಆ ಹುಡುಗ ಈಗ ಸೋಮವಾರಗಳಲ್ಲಿ ನಮ್ಮ ಶೆಡ್ಡಿಗೆ ಬರುತ್ತಾನೆ. ಹೊಸ ಆಪರೇಟರುಗಳಿಗೆ ಮೊದಲ ಪಾಠ ಅವನದೇ. ಎಂಜಿನ್ ಆಫ್ ಮಾಡಿ, ಚಕ್ರ ಪೂರ್ತಿ ನಿಲ್ಲುವ ತನಕ ಎಲ್ಲರನ್ನೂ ಕೈ ಕಟ್ಟಿ ನಿಲ್ಲಿಸುತ್ತಾನೆ.

ಇತಿ ನಿಮ್ಮ,
ಸಂಘದ ಯಂತ್ರ ವಿಭಾಗದವರು
ಉಡುಪಿ