ಮೊದಲ ಉದ್ಯಮ ಇದ್ದೂರಲ್ಲೇ ಹುಟ್ಟುತ್ತದೆ

ಮಾನ್ಯ ಸಂಪಾದಕರೇ,

ಅಗ್ಗಕ್ಕೆ ನೆಲ ಕೊಡಿ, ತೆರಿಗೆ ಬಿಡಿ, ರಸ್ತೆ ಹಾಕಿ, ಹೊಸ ಉದ್ಯಮಗಳು ತಾವಾಗಿ ಬರುತ್ತವೆ ಎಂಬ ವಾದ ಮತ್ತೆ ಮತ್ತೆ ಕೇಳಿಬರುತ್ತಿದೆ. ದೊಡ್ಡ ಕಂಪನಿಯೊಂದು ತನ್ನ ಐದನೇ ಕಾರ್ಖಾನೆ ಎಲ್ಲಿ ಹಾಕಲಿ ಎಂದು ಲೆಕ್ಕ ಹಾಕುವಾಗ ಇದೆಲ್ಲ ಎಣಿಕೆಗೆ ಬರುತ್ತದೆ, ಒಪ್ಪುತ್ತೇನೆ. ಆದರೆ ಮೊದಲ ಸಲ ಸ್ವಂತಕ್ಕೆ ಕೈಹಾಕುವವರು ನಕ್ಷೆ ಹರಡಿಕೊಂಡು ಕೂರುವುದಿಲ್ಲ. ಹೆಚ್ಚಿನವರು ಇದ್ದಲ್ಲೇ, ಗೊತ್ತಿರುವ ಕೆಲಸವನ್ನೇ ಶುರು ಮಾಡುತ್ತಾರೆ.

ಎಲ್ಲರೂ ಉದಾಹರಿಸುವ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ತಂತ್ರಜ್ಞಾನ ಉದ್ಯಮಗಳ ನೆಲೆ ಸಿಲಿಕಾನ್ ವ್ಯಾಲಿಯನ್ನೇ ನೋಡಿ. ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲೊಬ್ಬರಾದ ವಿಲಿಯಂ ಶಾಕ್ಲಿ 1956ರಲ್ಲಿ ಅಲ್ಲಿನ ಮೌಂಟನ್ ವ್ಯೂನಲ್ಲಿ ಪ್ರಯೋಗಾಲಯ ತೆರೆದರು. ಅಲ್ಲಿಗೇ ಹೋಗಲು ಒಂದು ಕಾರಣ, ಅವರ ತಾಯಿ ಇದ್ದದ್ದು ಪಕ್ಕದ ಪಾಲೊ ಆಲ್ಟೊದಲ್ಲಿ. ಮರುವರ್ಷವೇ ಶಾಕ್ಲಿಯವರ ಜೊತೆ ಏಗಲಾರದೆ ಅವರ ಕೈಕೆಳಗಿನ ಎಂಟು ಮಂದಿ ಹೊರಬಿದ್ದರು. ಆ ಎಂಟು ಮಂದಿ ಮೊದಲು ಕೇಳಿದ್ದು ಬಂಡವಾಳವನ್ನಲ್ಲ, ನೌಕರಿಯನ್ನು. ನಮ್ಮನ್ನು ಒಟ್ಟಿಗೆ ಕೆಲಸಕ್ಕೆ ತೆಗೆದುಕೊಳ್ಳುವವರು ಬೇಕು, ಆದರೆ ಈ ಸೀಮೆ ಬಿಟ್ಟು ಬರಲಾರೆವು ಎಂದಿದ್ದರು. ಕೊನೆಗೆ ದುಡ್ಡು ಬಂದದ್ದು ನ್ಯೂಯಾರ್ಕಿನ ಕಂಪನಿಯಿಂದ, ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಅವರ ಹೊಸ ಕಂಪನಿ ಹುಟ್ಟಿದ್ದು ಮಾತ್ರ ಪಾಲೊ ಆಲ್ಟೊದಲ್ಲೇ. ಆ ಎಂಟರಲ್ಲಿ ಇಬ್ಬರಾದ ನಾಯ್ಸ್ ಮತ್ತು ಮೂರ್ ಅಲ್ಲಿಂದಲೂ ಹೊರಬಂದು 1968ರಲ್ಲಿ ಚಿಪ್ ಕಂಪನಿ ಇಂಟೆಲ್ ಕಟ್ಟಿದರು.

ಹೀಗೆ ಬಿಟ್ಟುಹೋಗಲು ಅಲ್ಲಿ ಕಾನೂನೂ ಅಡ್ಡ ಬರಲಿಲ್ಲ. ಕೆಲಸ ಬಿಟ್ಟವರು ಪೈಪೋಟಿಯ ಉದ್ಯಮ ಮಾಡಕೂಡದು ಎಂಬ ಕರಾರಿಗೆ ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ಬೆಲೆಯಿಲ್ಲ. ಅಮೆರಿಕದ ಇನ್ನೊಂದು ರಾಜ್ಯ ಮಿಷಿಗನ್‌ನಲ್ಲಿ 1985ರಲ್ಲಿ ಬೇರೊಂದು ಕಾನೂನು ತಿದ್ದುವಾಗ ಇಂಥದೇ ರಕ್ಷಣೆ ಅಚಾತುರ್ಯದಿಂದ ಬಿದ್ದುಹೋಯಿತು. ಆ ಬಳಿಕ ಅಲ್ಲಿನ ಸಂಶೋಧಕರು ಕೆಲಸ ಬದಲಿಸುವುದೇ ಕಡಿಮೆಯಾಯಿತು. ಸಿಲಿಕಾನ್ ವ್ಯಾಲಿಯನ್ನು ನಕಲು ಮಾಡಹೊರಟವರು ಗಾಜಿನ ಕಟ್ಟಡ ಕಟ್ಟುತ್ತಾರೆ. ಈ ಕಲಮು ಅವರ ಕಣ್ಣಿಗೆ ಬೀಳುವುದು ಅಪರೂಪ.

ನೆಲ ನೀರಿನ ಪಾತ್ರವೂ ಇದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಚಾಕು ಮಾಡುವವರು ಸೇರಿದ್ದು ಚಕ್ರ ತಿರುಗಿಸಲು ಹೊಳೆ, ಸಾಣೆಗೆ ಕಲ್ಲು ಅಲ್ಲೇ ಸಿಗುತ್ತಿದ್ದವು ಎಂದು. ಉಗಿಯಂತ್ರ ಬಂದ ಮೇಲೆ ಹೊಳೆಯ ಹಂಗು ತಪ್ಪಿತು, ಚಾಕು ಮಾಡುವವರು ಕದಲಲಿಲ್ಲ. ಅಷ್ಟರಲ್ಲಿ ಕಸಬು ಬಲ್ಲವರೇ ಆ ಊರಿನ ಆಸ್ತಿಯಾಗಿದ್ದರು.

ನನ್ನ ಮುಖ್ಯ ತಕರಾರು ಇರುವುದು ಒಂದೇ ದೊಡ್ಡ ಕಾರ್ಖಾನೆಯ ಮೇಲೆ ಊರಿಗೆ ಊರೇ ನೆಚ್ಚಿಕೊಳ್ಳುವುದರ ಬಗ್ಗೆ. ಅರ್ಥಶಾಸ್ತ್ರಜ್ಞ ಬೆಂಜಮಿನ್ ಚಿನಿಟ್ಸ್ 1961ರಲ್ಲೇ ಇದನ್ನು ಹೇಳಿದ್ದರು. ಸಣ್ಣ ಸಣ್ಣ ಬಟ್ಟೆ ಘಟಕಗಳ ನ್ಯೂಯಾರ್ಕನ್ನೂ ಉಕ್ಕಿನ ದೈತ್ಯರ ಪಿಟ್ಸ್‌ಬರ್ಗನ್ನೂ ಅವರು ಹೋಲಿಸಿದರು. ದೊಡ್ಡ ಕಂಪನಿ ತನಗೆ ಬೇಕಾದ್ದನ್ನೆಲ್ಲ ಒಳಗೇ ಮಾಡಿಕೊಳ್ಳುತ್ತದೆ, ಬ್ಯಾಂಕುಗಳಿಗೂ ದೊಡ್ಡವರಿಗೆ ಸಾಲ ಕೊಟ್ಟೇ ರೂಢಿ, ಸಂಬಳದ ಮನೆಯಲ್ಲಿ ಬೆಳೆದ ಮಕ್ಕಳಿಗೆ ವ್ಯಾಪಾರದ ಗಾಳಿಯೇ ತಾಗುವುದಿಲ್ಲ ಎಂಬುದು ಅವರ ವಾದ.

ಇದರ ಅರ್ಥ ತಿಳಿಯಬೇಕಾದರೆ ಕೆಲಸ ಬಿಟ್ಟು ಒಂದು ಹಳೆಯ ಲೇತ್ (ಲೋಹ ಕಡೆಯುವ ಯಂತ್ರ) ಇಟ್ಟುಕೊಂಡವನ ಮೊದಲ ಆರ್ಡರ್ ನೆನೆಸಿಕೊಳ್ಳಿ. ಹತ್ತೇ ಪೀಸು. ಕಡೆಯುವ ಕೆಲಸ ತಾನೇ ಮಾಡಬಲ್ಲ. ಮಿಲ್ಲಿಂಗ್ (ತಿರುಗುವ ಅಲಗಿನಿಂದ ಕೊರೆಯುವುದು), ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಬೇರೆಯವರಲ್ಲಿ ಮಾಡಿಸಬೇಕು. ಹತ್ತು ಪೀಸಿನ ಜಾಬ್‌ವರ್ಕನ್ನು ಮೂಗು ಮುರಿಯದೆ ತೆಗೆದುಕೊಂಡು, ದುಡ್ಡು ಮುಂದಿನ ತಿಂಗಳು ಕೊಡು ಎನ್ನುವವರು ಪಕ್ಕದ ಬೀದಿಯಲ್ಲಿದ್ದರೆ ಅವನು ಉಳಿಯುತ್ತಾನೆ. ಅಂಥ ಯಂತ್ರವೆಲ್ಲ ದೊಡ್ಡ ಕಾರ್ಖಾನೆಯ ಗೇಟಿನೊಳಗೇ ಇದ್ದರೆ, ಆರು ತಿಂಗಳಲ್ಲಿ ಲೇತ್ ಮಾರಿ ಮತ್ತೆ ನೌಕರಿಗೆ. ಅವನಿಗೆ ತೆರಿಗೆ ವಿನಾಯಿತಿ ಕೊಟ್ಟು ಏನು ಬಂತು? ಲಾಭವಿದ್ದರಲ್ಲವೇ ತೆರಿಗೆ!

ಮುಂದಿನ ಸಲ ಕೈಗಾರಿಕಾ ವಸಾಹತುವಿನ ವರದಿ ಪ್ರಕಟಿಸುವಾಗ ಎಕರೆ, ಹೂಡಿಕೆ, ಉದ್ಯೋಗಗಳ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೇಳಿ ಹಾಕಿ: ಅಲ್ಲಿ ದುಡಿದವರಲ್ಲಿ ಎಷ್ಟು ಮಂದಿ ಹೊರಬಂದು ಅದೇ ಊರಲ್ಲಿ ಸ್ವಂತದ್ದು ಶುರು ಮಾಡಿದರು?

ಇತಿ,
ನಿಮ್ಮ ಓದುಗ