ಕೇಳದ ಸಾಲವನ್ನು ನಿರಾಕರಿಸಿದ ಬಗ್ಗೆ ದೂರು

ಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು,
ಪ್ರಧಾನ ಕಚೇರಿ.

ವಿಷಯ: ಮನೆಯ ಸ್ಥಿರ ದೂರವಾಣಿಗೆ ಸಾಲದ ಪ್ರಚಾರಕ್ಕಾಗಿ ಬರುತ್ತಿರುವ ಕರೆಗಳು.

ಮಾನ್ಯರೇ,

ನಾನು ಕೊಡಗಿನ ಸಿದ್ದಾಪುರದ ಬಳಿಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ನಿಮ್ಮಲ್ಲಿ ನನಗೆ ಖಾತೆಯಿಲ್ಲ, ಸಾಲವಿಲ್ಲ, ಸಾಲ ಬೇಕೆಂದು ಅರ್ಜಿ ಹಾಕಿದ್ದೂ ಇಲ್ಲ. ಆದರೂ ಕುಯ್ಲು ಆರಂಭವಾದಂದಿನಿಂದ ದಿನಕ್ಕೆ ಮೂರು ನಾಲ್ಕು ಬಾರಿ ನಿಮ್ಮವರ ಕರೆ ಬರುತ್ತಿದೆ. ಬೇಡದ ಪ್ರಚಾರ ಕರೆಗಳನ್ನು ತಡೆಯಲೆಂದೇ ಇರುವ 1909 ಎಂಬ ದೂರವಾಣಿ ಸೇವೆಯಲ್ಲಿ ಈ ಸಂಖ್ಯೆಯನ್ನು ನೋಂದಾಯಿಸಿ, ಪ್ರಚಾರದ ಯಾವ ಕರೆಯೂ ಬೇಡವೆಂದು ತಿಳಿಸಿ ವರ್ಷಗಳೇ ಕಳೆದಿವೆ. ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ವಿನಯದಿಂದಲೇ ಹೇಳಿದ್ದೇನೆ. ನಾಲ್ಕು ಸಲವೂ "ನೋಟ್ ಮಾಡಿಕೊಂಡಿದ್ದೇವೆ ಸರ್" ಎಂದರು. ಬಹುಶಃ ಆ ನೋಟ್ ನೋಡಿಕೊಂಡೇ ಮತ್ತೆ ಕರೆ ಮಾಡುತ್ತಿದ್ದಾರೆ.

ಫೋನ್ ಎತ್ತಬೇಡಿ ಎಂದು ನಿಮ್ಮವರೊಬ್ಬರು ಸಲಹೆ ಕೊಟ್ಟರು. ನಮ್ಮ ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ; ಆನೆ ಹಿಂಡು ಈ ಕಡೆ ಇಳಿದರೆ ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ತಿಳಿಸುವುದು ಇದೇ ಫೋನಿಗೆ. ಆದ್ದರಿಂದ ಗಂಟೆ ಬಾರಿಸಿದಾಗಲೆಲ್ಲ ನನ್ನ ತಾಯಿ ಕಣದಲ್ಲಿ ಕಾಫಿ ಹರಡುತ್ತಿದ್ದವರು ಕೋಲು ಬಿಸುಟು ಮೆಟ್ಟಿಲು ಹತ್ತಿ ಓಡಿಬರುತ್ತಾರೆ. ಅವರಿಗೆ ಎಪ್ಪತ್ತಾರು ವರ್ಷ.

ಕಳೆದ ಶನಿವಾರ ಸಂಜೆ ಕೂಲಿಯ ಬಟವಾಡೆ ನಡೆಯುತ್ತಿತ್ತು. ಜಗಲಿಯ ಕೆಳಗೆ ಹದಿನಾಲ್ಕು ಮಂದಿ ನಿಂತಿದ್ದರು. ಎರಡೂ ಕೈಯಲ್ಲಿ ನೋಟುಗಳಿದ್ದುದರಿಂದ, ಆನೆಯ ಸುದ್ದಿಯಿರಬಹುದೆಂದು, ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ. ನಿಮ್ಮ ಪ್ರತಿನಿಧಿ ತಿಂಗಳ ಆದಾಯ ಎಷ್ಟೆಂದು ಕೇಳಿದರು. ಬೇಗ ಮುಗಿಯಲಿ ಎಂದು, ಕಾಫಿಯ ಹಣ ತಿಂಗಳಿಗೆ ಬರುವುದಿಲ್ಲ, ವರ್ಷಕ್ಕೊಮ್ಮೆ ಬರುತ್ತದೆ, ನನಗೆ ಸಾಲ ಬೇಡ ಎಂದೆ. "ಸ್ಯಾಲರಿ ಸ್ಲಿಪ್ ಇದೆಯಾ?" ಎಂದರು. ಇಲ್ಲ ಎಂದೆ. ಕೀಲಿಮಣೆಯ ಟಕಟಕ ಸ್ವಲ್ಪ ಹೊತ್ತು ಜಗಲಿಯ ತುಂಬ ಕೇಳಿಸಿತು. ಬಳಿಕ ಸ್ಪಷ್ಟ ದನಿಯಲ್ಲಿ, "ಸಾರಿ ಸರ್, ನಿಮಗೆ ಲೋನ್ ಕೊಡಲು ಆಗುವುದಿಲ್ಲ" ಎಂದು ಹೇಳಿ ಫೋನಿಟ್ಟರು. ಯಾರೂ ಮಾತಾಡಲಿಲ್ಲ. ಕಾರ್ಮಿಕರ ಲೈನ್ ಮನೆಯ ಹಿರಿಯ ಹೆಂಗಸೊಬ್ಬರು ಮುಂದೆ ಬಂದು, "ಸಾವುಕಾರ್ರೇ, ನಂದು ಬೇಕಾದ್ರೆ ಮುಂದಿನ ವಾರ ಕೊಡಿ" ಎಂದರು. ಅವರ ಕೂಲಿ ಆಗ ನನ್ನ ಕೈಯಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ಅದೇ ಸಾಲ ಮಂಜೂರಾಗಿದೆ ಎಂದು ನಿಮ್ಮಿಂದಲೇ ಕರೆ ಬಂತು. ಅಭಿನಂದನೆಗಳನ್ನೂ ತಿಳಿಸಿದರು.

ನಿಯಮ ನಿಮಗೆ ತಿಳಿಯದ್ದೇನಲ್ಲ. ಪ್ರಚಾರದ ಕರೆಗಳು 140ರಿಂದ ಆರಂಭವಾಗುವ ಸಂಖ್ಯೆಯಿಂದ ಬರಬೇಕು. ನಿಮ್ಮವು ದಿನಕ್ಕೊಂದು ಹೊಸ ಮೊಬೈಲ್ ಸಂಖ್ಯೆಯಿಂದ ಬರುತ್ತಿವೆ. ಕರೆ ಮಾಡುವವರು ಏಜೆನ್ಸಿಯವರು, ನಾವಲ್ಲ ಎಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. ಕೆಲಸವನ್ನು ಹೊರಗಿನವರಿಗೆ ವಹಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲವೆಂದು ರಿಸರ್ವ್ ಬ್ಯಾಂಕ್ ನಿಮ್ಮಂತಹ ಸಂಸ್ಥೆಗಳಿಗೆ ಹೇಳಿಯೇ ಇದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಗಳಿಗೆ 2025ರಲ್ಲಾದ ತಿದ್ದುಪಡಿಯ ನಂತರ ಇಂತಹ ಕರೆಯ ಮೇಲೆ ದೂರು ಕೊಡಲು ಮೂರರ ಬದಲು ಏಳು ದಿನಗಳ ಅವಕಾಶವಿದೆ. ಒಂದು ಸಂಖ್ಯೆಯ ಮೇಲೆ ಹತ್ತು ದಿನಗಳಲ್ಲಿ ಐದು ದೂರುಗಳಾದರೆ ಕ್ರಮಕ್ಕೆ ಸಾಕು. ದಿನಾಂಕ, ಗಂಟೆ, ಸಂಖ್ಯೆ ಎಲ್ಲವನ್ನೂ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಸುತ್ತಲಿನ ತೋಟದವರೂ ಈಗ ಬರೆಯತೊಡಗಿದ್ದಾರೆ. ನನ್ನ ಸಂಖ್ಯೆಯನ್ನು ಯಾರಿಂದ ಪಡೆದಿರೆಂಬುದು ಹದಿನೈದು ದಿನಗಳೊಳಗೆ ನನಗೆ ಲಿಖಿತವಾಗಿ ತಿಳಿಯದಿದ್ದರೆ, ಆ ಪುಟಗಳ ಪ್ರತಿಗಳು ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತವೆ. ಕುಯ್ಲು ಮುಗಿಯುತ್ತ ಬಂದಿದೆ, ಮಡಿಕೇರಿಗೆ ಓಡಾಡಲು ನನಗೆ ಇನ್ನು ಬೇಕಾದಷ್ಟು ಬಿಡುವಿದೆ.

ಉತ್ತರ ಅಂಚೆಯಲ್ಲಿ ಬರಲಿ.

ಇತಿ,
ನಿಮ್ಮಿಂದ ಸಾಲ ಕೇಳದವನು