ಮೇಲ್ ಸರ್ವರ್ ತುಂಬಿದಾಗ ಮೊದಲು ಲಾಗ್ ಅಳಿಸೋ ಅಭ್ಯಾಸ ಬಿಡ್ಬೇಕು

ಸಂಪಾದಕರಿಗೆ ನಮಸ್ಕಾರ,

ನಾನು ಒಂದು ಜಿಲ್ಲಾ ಕೇಂದ್ರದ ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ಜೊತೆಗೆ ಕಾಲೇಜಿನ ಮೇಲ್ ಸರ್ವರನ್ನೂ (ಎಲ್ಲರ ಇಮೇಲ್ ಬಂದು ಹೋಗೋ ಕಂಪ್ಯೂಟರ್) ನೋಡ್ಕೊಳ್ಳೋನು. ನಮ್ಮಂಥ ಸಣ್ಣ ಸಂಸ್ಥೆಗಳು, ಸೊಸೈಟಿಗಳು, ಟ್ರಸ್ಟ್‌ಗಳಲ್ಲಿ ಸ್ವಂತ ಮೇಲ್ ಸರ್ವರ್ ಇಟ್ಕೊಂಡಿರೋರು ಇನ್ನೂ ಎಷ್ಟೋ ಜನ ಇದಾರೆ, ಅವರೆಲ್ಲರಿಗೂ ಒಂದಲ್ಲ ಒಂದಿನ ಬರೋ ತೊಂದರೆ ಬಗ್ಗೆ ಬರೀತಿದೀನಿ. ದಯವಿಟ್ಟು ಪ್ರಕಟಿಸಿ.

ಅಡ್ಮಿಷನ್ ಟೈಮು, ಸೋಮವಾರ ಬೆಳಿಗ್ಗೆ ಆಫೀಸಿಂದ ಫೋನ್ ಬಂತು, ಶನಿವಾರ ರಾತ್ರಿಯಿಂದ ಒಂದು ಮೇಲೂ ಬಂದಿಲ್ಲ, ಕಳ್ಸೋಕೂ ಆಗ್ತಿಲ್ಲ ಅಂತ. ಹೋಗಿ ನೋಡಿದ್ರೆ ಸರ್ವರ್ ಆರಾಮಾಗಿ ಓಡ್ತಿದೆ, ನೆಟ್ ಇದೆ, ಕರೆಂಟ್ ಇದೆ. ಡಿಸ್ಕಲ್ಲಿ ಮಾತ್ರ ಜಾಗ ಇಲ್ಲ. ಒಟ್ಟು 500 ಜಿಬಿ, ಅದರಲ್ಲಿ 475 ಖರ್ಚಾಗಿತ್ತು. ಉಳಿದ 25 ಜಿಬಿ ಇದೆಯಲ್ಲ ಅಂತ ನಮ್ಮ ಪ್ರಿನ್ಸಿಪಾಲರು ಕೇಳಿದ್ರು, ಸರಿಯಾದ ಪ್ರಶ್ನೇನೇ, ಆದ್ರೆ ಸರ್ವರ್ ಓಡಿಸೋ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮಲ್ಲಿ, ಡಿಸ್ಕಲ್ಲಿ ಫೈಲ್ ಜೋಡಿಸಿಡೋಕೆ ಇಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಮ್ ಹಾಕಿದ್ರೆ ಅದು ನೂರಕ್ಕೆ 5 ಭಾಗ ಜಾಗವನ್ನ ಅಡ್ಮಿನ್‌ಗೆ ಅಂತ ಎತ್ತಿಟ್ಟಿರುತ್ತೆ, ಮೇಲ್ ಪ್ರೋಗ್ರಾಂಗೆ ಅದು ಸಿಗಲ್ಲ. ಮೇಲ್ ತಗೊಳ್ಳೋ, ಕಳ್ಸೋ ಪೋಸ್ಟ್‌ಫಿಕ್ಸ್ ಅನ್ನೋ ಪ್ರೋಗ್ರಾಂ, ಜಾಗ ಸಾಕಾಗಲ್ಲ ಅಂತ ಗೊತ್ತಾದ ಕೂಡ್ಲೇ ಹೊಸ ಮೇಲ್ ತಗೊಳ್ಳೋದನ್ನ ನಿಲ್ಲಿಸಿ, ಕಳ್ಸಿದೋರ ಸರ್ವರಿಗೆ 452 ಅಂತ ಉತ್ತರ ಕೊಡುತ್ತೆ, ಅಂದ್ರೆ ಈಗ ಆಗಲ್ಲ ಆಮೇಲೆ ಬಾ ಅಂತ.

ಜಾಗ ತಿಂದಿದ್ದು ಮೇಲ್ ಅಂತ ಎಲ್ರೂ ಅಂದ್ಕೊಂಡ್ರು. ಲೆಕ್ಕ ಹಾಕಿದ್ರೆ ಎಲ್ಲರ ಮೇಲೂ ಸೇರಿ 130 ಜಿಬಿ ಅಷ್ಟೇ. ಬ್ಯಾಕಪ್ ಅಂತ ಪ್ರತಿ ವಾರ ಪೂರ್ತಿ ಮೇಲ್ ಫೋಲ್ಡರನ್ನ ಗಂಟು ಕಟ್ಟಿ ಅದೇ ಡಿಸ್ಕಲ್ಲಿ ಇಡೋ ಹಾಗೆ ಮಾಡಿದ್ವಿ, ಅಂಥ ಎರಡು ಗಂಟು 190 ಜಿಬಿ. ಇನ್ನು ಒಂದೇ ಒಂದು ಲಾಗ್ ಫೈಲ್, ಅಂದ್ರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡೋ ದಿನಚರಿ, 140 ಜಿಬಿ. ಯಾವತ್ತೋ ಒಬ್ಬ ಮೇಡಂಗೆ ಲಾಗಿನ್ ಆಗ್ತಿಲ್ಲ ಅಂತ ಮೇಲ್ ಪೆಟ್ಟಿಗೆ ತೆರೆದು ಕೊಡೋ ಡವ್‌ಕಾಟ್ ಅನ್ನೋ ಪ್ರೋಗ್ರಾಮಲ್ಲಿ ಡೀಬಗ್ (ಪ್ರತಿ ಹೆಜ್ಜೇನೂ ಲಾಗಿಗೆ ಬರೆಯೋ ಸೆಟ್ಟಿಂಗ್) ಆನ್ ಮಾಡಿ, ಲಾಗು ಬೇರೆ ಫೈಲಿಗೆ ಹೋಗೋ ಹಾಗೆ ಮಾಡಿದ್ದೆ, ಕೆಲಸ ಆದ್ಮೇಲೆ ಆಫ್ ಮಾಡಿರ್ಲಿಲ್ಲ. ಹೊಸ ಫೈಲ್ ಆಗಿದ್ರಿಂದ ಹಳೇ ಲಾಗ್‌ಗಳನ್ನ ಸುತ್ತಿಟ್ಟು ಅಳಿಸೋ ಲಾಗ್‌ರೊಟೇಟ್ ಅನ್ನೋ ಪ್ರೋಗ್ರಾಂ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಹಾಗಾಗಿ ಯಾರೂ ಅದನ್ನ ಕತ್ತರಿಸ್ಲಿಲ್ಲ, ಸುತ್ತಿಡ್ಲಿಲ್ಲ, ಅದು ಬೆಳೀತಾನೇ ಹೋಯ್ತು.

ಆಗ ನಾನು ಮಾಡಿದ್ದು ತಪ್ಪು. ಗಾಬ್ರೀಲಿ ಆ ಲಾಗ್ ಫೈಲನ್ನ ಡಿಲೀಟ್ ಹೊಡೆದೆ. ಡಿಲೀಟ್ ಆಯ್ತು, ಆದ್ರೆ ಡಿಸ್ಕ್ ನೋಡಿದ್ರೆ ಇನ್ನೂ ತುಂಬೇ ಇದೆ! ಲಿನಕ್ಸಲ್ಲಿ ಒಂದು ಪ್ರೋಗ್ರಾಂ ಫೈಲನ್ನ ತೆರೆದು ಹಿಡ್ಕೊಂಡಿರುವಾಗ ನೀವು ಅಳಿಸಿದ್ರೆ ಹೆಸರು ಮಾತ್ರ ಹೋಗುತ್ತೆ, ಜಾಗ ಬಿಡುಗಡೆ ಆಗೋದು ಆ ಪ್ರೋಗ್ರಾಂ ಕೈ ಬಿಟ್ಟಾಗ್ಲೇ. ಡವ್‌ಕಾಟನ್ನ ಮತ್ತೆ ಶುರು ಮಾಡಿದ ಮೇಲೆ 140 ಜಿಬಿ ವಾಪಸ್ ಬಂತು, ಮೇಲೂ ಬರೋಕೆ ಶುರುವಾಯ್ತು. ಶನಿವಾರದಿಂದ ಹೊರಗಡೆ ಕಾಯ್ತಿದ್ದ ಮೇಲ್‌ಗಳು ಸಂಜೆವರೆಗೂ ಬರ್ತಾನೇ ಇದ್ವು, ಯಾಕಂದ್ರೆ ಕಳ್ಸೋ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನ ಮಾಡ್ತವೆ, ಪೋಸ್ಟ್‌ಫಿಕ್ಸ್ ಆದ್ರೆ 5 ದಿನ. ಇದೇ ತೊಂದರೆ ದಸರಾ ರಜೆ ಶುರುವಿನಲ್ಲಿ ಆಗಿದ್ರೆ, ಯಾರೂ ನೋಡದೆ ಆ 5 ದಿನ ದಾಟಿ, ಅಷ್ಟೂ ಹುಡುಗರ ಅರ್ಜಿ ವಾಪಸ್ ಹೋಗಿರೋದು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ಆದ್ರೆ ನಿಜವಾದ ನಷ್ಟ ಗೊತ್ತಾಗಿದ್ದು ಎರಡು ವಾರ ಆದ್ಮೇಲೆ. ನಮ್ಮ ಒಂದು ಅಕೌಂಟಿಂದ ಯಾರೋ ಸ್ಪ್ಯಾಮ್ ಕಳ್ಸ್ತಿದಾರೆ ಅಂತ ಗೊತ್ತಾಯ್ತು, ಪಾಸ್‌ವರ್ಡ್ ಕದ್ದಿದ್ರು. ಯಾವತ್ತಿಂದ, ಯಾವ ಐಪಿಯಿಂದ (ಇಂಟರ್ನೆಟ್ ವಿಳಾಸ) ಒಳಗೆ ಬಂದ್ರು, ಬೇರೆ ಯಾರ ಮೇಲ್ ತೆರೆದ್ರು ಅಂತ ನೋಡೋಕೆ ಲಾಗ್ ಬೇಕು. ಆ ಲಾಗನ್ನ ನಾನು ಕೈಯಾರೆ ಅಳಿಸಿದ್ದೆ. ಎಲ್ಲರ ಪಾಸ್‌ವರ್ಡೂ ಬದಲಾಯಿಸ್ಬೇಕಾಯ್ತು, ಏನೇನು ಹೋಯ್ತು ಅಂತ ಇವತ್ತಿಗೂ ಹೇಳೋಕಾಗಲ್ಲ.

ಲಾಗ್ ಅಂದ್ರೆ ಕಸ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಜಾಗ ತುಂಬಿದ್ರೆ ಮೊದಲು ಕತ್ತಿ ಬೀಳೋದು ಅದರ ಮೇಲೇನೇ. ಸೈಬರ್ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸರ್ಟ್‌-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಸಂಸ್ಥೆಗಳು ಮತ್ತು ಸರ್ಕಾರಿ ಕಚೇರಿಗಳು ತಮ್ಮ ಸಿಸ್ಟಮ್‌ಗಳ ಲಾಗನ್ನ 180 ದಿನ ಭದ್ರವಾಗಿ ಇಡ್ಬೇಕು, ಸೈಬರ್ ಘಟನೆ ಆದ್ರೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡ್ಬೇಕು ಅಂತ ಸ್ಪಷ್ಟವಾಗಿದೆ. ನಾನು ಮಾತಾಡಿಸಿದ ಬೇರೆ ಕಾಲೇಜಿನ ಗೆಳೆಯರಲ್ಲಿ ಇದನ್ನ ಕೇಳಿದೋರು ಒಬ್ರೂ ಇರ್ಲಿಲ್ಲ. ಇನ್ನೊಂದು ವಿಷ್ಯ, ಉಬುಂಟು ಅನ್ನೋ ಲಿನಕ್ಸ್ ಹಾಕಿ ಸುಮ್ನೆ ಬಿಟ್ರೆ ಮೇಲ್ ಲಾಗ್ ವಾರಕ್ಕೊಂದ್ಸಲ ಹೊಸ ಫೈಲಿಗೆ ತಿರುಗಿ, 4 ಹಳೇ ಪ್ರತಿ ಮಾತ್ರ ಉಳಿಯುತ್ತೆ, ಅಂದ್ರೆ ಒಂದು ತಿಂಗಳು. ಲಾಗ್‌ರೊಟೇಟಲ್ಲಿ ಆ 4ನ್ನ 26 ಮಾಡಿದ್ರೆ 182 ದಿನ ಆಗುತ್ತೆ. ಒಂದೇ ಸಾಲಿನ ಕೆಲಸ. ಜಾಗ ಎಲ್ಲಿಂದ ಬರುತ್ತೆ ಅಂತ ಭಯ ಬೇಡ, ಲಾಗಲ್ಲಿ ಅದದೇ ಪದ ಸಾವಿರಾರು ಸಲ ಬರೋದ್ರಿಂದ ಜಿಜಿಪ್ ಅನ್ನೋ ಪ್ರೋಗ್ರಾಮಿಂದ ಒತ್ತಿ ಚಿಕ್ಕದು ಮಾಡಿದ್ರೆ ಹತ್ತರಲ್ಲಿ ಒಂದು ಭಾಗದ ಆಸುಪಾಸಿಗೆ ಇಳಿಯುತ್ತೆ. ಡೀಬಗ್ ಮಾತ್ರ ಕೆಲಸ ಮುಗಿದ ದಿನವೇ ಆಫ್ ಆಗ್ಬೇಕು.

ಬ್ಯಾಕಪ್ ವಿಷ್ಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗೇ ಹೇಳ್ತೀನಿ, ಅದೇ ಡಿಸ್ಕಲ್ಲಿ ಇಟ್ಟಿದ್ದು ಬ್ಯಾಕಪ್ ಅಲ್ಲವೇ ಅಲ್ಲ. ಡಿಸ್ಕ್ ಹೋದ್ರೆ ಅಸಲೂ ಹೋಯ್ತು ನಕಲೂ ಹೋಯ್ತು, ಡಿಸ್ಕ್ ಚೆನ್ನಾಗಿದ್ರೆ ಆ ನಕಲೇ ಜಾಗ ತಿಂದು ಮೇಲ್ ನಿಲ್ಲಿಸುತ್ತೆ. ಮೇಲ್‌ಡಿರ್ ಪದ್ಧತೀಲಿ ಒಂದೊಂದು ಮೇಲೂ ಒಂದೊಂದು ಫೈಲ್, ಹಾಗಾಗಿ ಆರ್‌ಸಿಂಕ್ ಅನ್ನೋ ನಕಲು ಮಾಡೋ ಪ್ರೋಗ್ರಾಂ ಹಾಕಿ ದಿನಾ ರಾತ್ರಿ ಇನ್ನೊಂದು ಕಂಪ್ಯೂಟರಿಗೆ ಬರೀ ಹೊಸದಾಗಿ ಬಂದಿದ್ದನ್ನ ಕಳ್ಸಿದ್ರೆ ಸಾಕು. ನಾವೀಗ ಲೈಬ್ರರಿ ಕಟ್ಟಡದಲ್ಲಿದ್ದ ಒಂದು ಹಳೇ ಕಂಪ್ಯೂಟರಿಗೆ ದೊಡ್ಡ ಡಿಸ್ಕ್ ಹಾಕಿ ಹಾಗೇ ಮಾಡ್ತಿದೀವಿ, ತಿಂಗಳಿಗೊಂದ್ಸಲ ಅದ್ರಿಂದ ಯಾರದಾದ್ರೂ ಒಂದು ಫೋಲ್ಡರ್ ವಾಪಸ್ ತಂದು, ತೆರೆಯುತ್ತಾ ಅಂತ ನೋಡ್ತೀವಿ. ಮೊದಲ ಸಲ ನೋಡಿದಾಗ ಒಬ್ಬ ಮೇಷ್ಟ್ರ ಮೇಲ್ ಬಂದೇ ಇರ್ಲಿಲ್ಲ, ಪರ್ಮಿಷನ್ ತಪ್ಪಿತ್ತು. ಆವತ್ತು ನೋಡದೇ ಇದ್ದಿದ್ರೆ ಅದು ಗೊತ್ತಾಗ್ತಿದ್ದದ್ದು ಡಿಸ್ಕ್ ಕೆಟ್ಟ ದಿನಾನೇ.

ಬಳಸೋರ ಪಾಲೂ ಸ್ವಲ್ಪ ಇದೆ. ಸರ್ಕ್ಯುಲರನ್ನ ಸ್ಕ್ಯಾನ್ ಮಾಡಿ 8 ಎಂಬಿ ಪಿಡಿಎಫ್ ಆಗಿ 120 ಜನಕ್ಕೆ ಕಳ್ಸ್ತಾರೆ ಅನ್ಕೊಳ್ಳಿ, ಮೇಲಲ್ಲಿ ಅಟ್ಯಾಚ್‌ಮೆಂಟ್ ಅಕ್ಷರ ರೂಪಕ್ಕೆ ಬದಲಾಗಿ ಹೋಗೋದ್ರಿಂದ 8 ಎಂಬಿ ಸುಮಾರು 11 ಎಂಬಿ ಆಗುತ್ತೆ, ಪ್ರತಿಯೊಬ್ಬರ ಪೆಟ್ಟಿಗೇಲೂ ಬೇರೆ ಬೇರೆ ಪ್ರತಿ ಕೂರುತ್ತೆ, ಒಂದು ಸರ್ಕ್ಯುಲರಿಗೆ 1.3 ಜಿಬಿ ಹೋಯ್ತು. ಅದೇ ಫೈಲನ್ನ ಒಂದ್ಕಡೆ ಇಟ್ಟು ಲಿಂಕ್ ಕಳ್ಸಿದ್ರೆ 8 ಎಂಬಿಲಿ ಮುಗೀತು. ಟ್ರ್ಯಾಶಿಗೆ ಹಾಕಿದ್ದು ಅಳಿಸಿದ ಹಾಗಲ್ಲ ಅನ್ನೋದೂ ತುಂಬಾ ಜನಕ್ಕೆ ಗೊತ್ತಿಲ್ಲ, ನಾವು 30 ದಿನ ಆದ್ಮೇಲೆ ಟ್ರ್ಯಾಶ್ ತಾನಾಗೇ ಖಾಲಿ ಆಗೋ ಹಾಗೆ ಡವ್‌ಕಾಟಲ್ಲಿ ಸೆಟ್ ಮಾಡಿದೀವಿ, ಮುಂಚೆ ಎಲ್ರಿಗೂ ನೋಟಿಸ್ ಕೊಟ್ಟೇ ಮಾಡಿದ್ದು.

ಸಂಸ್ಥೆ ನಡೆಸೋರಲ್ಲಿ ನನ್ನ ವಿನಂತಿ ಇಷ್ಟು. ಈ ಕೆಲಸ ಯಾರದ್ದು ಅಂತ ಒಬ್ಬರ ಹೆಸರು ಬರೆದಿಡಿ, ಡಿಸ್ಕ್ ನೂರಕ್ಕೆ 80 ತುಂಬಿದಾಗ್ಲೇ ಆ ವ್ಯಕ್ತಿಯ ಮೊಬೈಲಿಗೆ ಎಸ್‌ಎಂಎಸ್ ಹೋಗೋ ಹಾಗೆ ಮಾಡ್ಸಿ, ಬ್ಯಾಕಪ್‌ಗೆ ಬೇರೆ ಡಿಸ್ಕ್ ಬೇಕು ಅಂತ ಅವರು ಕೇಳಿದ್ರೆ ಮುಂದಿನ ವರ್ಷ ನೋಡೋಣ ಅನ್ಬೇಡಿ. ಮೇಲಲ್ಲಿ ಅರ್ಜಿ ಹಾಕೋ ಓದುಗರಿಗೂ ಒಂದು ಮಾತು, ನಿಮ್ಮ ಮೇಲ್ ವಾಪಸ್ ಬಂದ್ರೆ ಅದರಲ್ಲಿರೋ ನಂಬರ್ ಓದಿ. 452 4.3.1 ಅಂತಿದ್ರೆ ತುಂಬಿರೋದು ಆ ಕಡೆಯ ಸರ್ವರ್, ನಿಮ್ಮ ತಪ್ಪಲ್ಲ, ಆ ಪುಟವನ್ನ ಪ್ರಿಂಟ್ ತೆಗೆದು ಅರ್ಜಿ ಜೊತೆ ಆಫೀಸಿಗೆ ತಗೊಂಡ್ಹೋಗಿ ಕೊಡಿ, ಕೊನೇ ದಿನಾಂಕ ಮುಗಿದಿದ್ರೂ ಕೊಡಿ.

ಇಂತಿ,
ಕಾಲೇಜೊಂದರ ಸಿಸ್ಟಮ್ ಅಡ್ಮಿನ್